ಕುಂಕುಮ ಹಚ್ಚಿದ ಜೋಡಣೆ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬ ವಿಷಯದ ಮೇಲೆ ಯಾರಾದರೂ ಚರ್ಚಾಸ್ಪರ್ಧೆ ಇಟ್ಟರೆ ನನ್ನ ಹೆಸರನ್ನು ವಿರೋಧ ಪಕ್ಷದಲ್ಲಿ ಬರೆದುಕೊಳ್ಳಬಹುದು. ವಾದ ಸರಳ. ಒಬ್ಬ ಬದುಕಿದ್ದಾಗ ಅವನ ಬಗ್ಗೆ ಕೆಟ್ಟದ್ದು ಆಡಲು ಹೆದರಿಕೆ, ಸತ್ತ ಮೇಲೆ ಆಡಲು ಸಂಕೋಚ. ಹಾಗಾದರೆ ಖರೆ ಮಾತು ಆಡುವ ಮುಹೂರ್ತ ಯಾವುದು? ಬಹುಶಃ ಆ ಮನುಷ್ಯ ಹುಟ್ಟುವ ಮೊದಲು.

ಹೋದ ವಾರ ಗೋಕಾಕದಲ್ಲಿ, ಎಣ್ಣೆ ಗಾಣದ ಅಂಗಳದಲ್ಲಿ ಒಂದು ಸಂತಾಪ ಸಭೆ ನಡೆಯಿತು. ತೀರಿಹೋದವರು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮೋಟಾರುಗಳ ತಂತಿ ಜೋಡಿಸುತ್ತಿದ್ದವರು. ಜನ ಅವರನ್ನು ವಾಯರ್ ಮಾಸ್ತರ ಎನ್ನುತ್ತಿದ್ದರು. ಜೀವಮಾನದಲ್ಲಿ ಒಬ್ಬನಿಗೂ ಒಂದು ಅಕ್ಷರ ಕಲಿಸದ ಮನುಷ್ಯನಿಗೆ ಈ ಪದವಿ ಕೊಟ್ಟವರು ಯಾರೋ ಗೊತ್ತಿಲ್ಲ, ನಾನೂ ಹಾಗೇ ಕರೆಯುತ್ತೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಕಾರಣವನ್ನು ಕೊನೆಗೆ ಹೇಳುತ್ತೇನೆ.

ಸಭೆಯಲ್ಲಿ ಆರು ಜನ ಮಾತಾಡಿದರು. ಆರೂ ಜನ ಒಂದೇ ವಾಕ್ಯ ಆಡಿದರು: "ಮಾಸ್ತರ ಮಾಡಿದ ಜೋಡಣಿ ಎಂದೂ ಬಿಟ್ಟಿಲ್ಲ." ಆರನೆಯವರು ಅದನ್ನೇ ಅಳುತ್ತಾ ಆಡಿದ್ದರಿಂದ ಅದು ಹೊಸದೆನಿಸಿತು. ಆಮೇಲೆ ಗಾಣದ ಮಾಲೀಕರು ನನ್ನ ಕಡೆ ತಿರುಗಿದರು.

"ಏನಪಾ ವಕೀಲ, ಬೆಳಗಾವ್ಯಾಗ ಭಾಷಣದ ಕಪ್ಪ ಗೆದ್ದಾಂವ ನೀ. ನಾಕ ಮಾತ ಆಡಲಾ."

"ಗಂಟಲಾ ಕಟ್ಟೇತ್ರಿ" ಎಂದೆ. ಅಂದು ಆ ಅಂಗಳದಲ್ಲಿ ಆಡಿದ ಸುಳ್ಳುಗಳಲ್ಲಿ ಇದು ತೀರ ಸಣ್ಣದು.

ಅಲ್ಲಿ ಆಡದ್ದನ್ನು ಇಲ್ಲಿ ಬರೆಯುತ್ತೇನೆ.

ಮಾಸ್ತರರ ಮೊದಲ ಗುರುತು ಅವರ ಬಿಳಿ ಧೋತರ. ಮೋಟಾರಿನ ಹೊಟ್ಟೆಯಲ್ಲಿ ತಲೆಯಿಟ್ಟು ದುಡಿಯುವ ಮನುಷ್ಯನ ಧೋತರ ಬಿಳಿಯಾಗಿ ಉಳಿಯುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಅದನ್ನು ಪವಾಡದ ಖಾತೆಗೆ ಸೇರಿಸಿದರು. "ಎಣ್ಣಿ ಹತ್ತಿದ್ರ ಅಂವ ಫಿಟ್ಟರ, ಹತ್ತದಿದ್ರ ಮಾಸ್ತರ" ಎಂದು ಸ್ವತಃ ಅವರೇ ವಿವರಿಸುತ್ತಿದ್ದರು. ಕಾಳುಕಡಿ ವ್ಯಾಪಾರದ ಮನೆಯವರು. ಕಾಯಕದ ಮಾತು ಬಾಯಿ ತುಂಬ. ಕೊಳಕಾಗುವ ಕಾಯಕ ಮಾತ್ರ ಬೇರೆಯವರದು: ಬಾನೆಟ್ಟು ಎತ್ತುವವನು ಡ್ರೈವರ್, ಕೆಳಗೆ ತೂರಿ ತಂತಿ ಎಳೆಯುವವನು ಡ್ರೈವರ್. ಎರಡು ತುದಿಗಳು ಎದುರಿಗೆ ಬಂದ ಮೇಲೆ ಮದುವೆ ಮಾಡಿಸುವ ಅಯ್ಯನ ಹಾಗೆ ಮಾಸ್ತರರು ಮುಂದೆ ಬರುತ್ತಿದ್ದರು.

ಎರಡನೆಯ ಗುರುತು ಮುಂದಿನ ಹಲ್ಲಿನಲ್ಲಿದ್ದ ಒಂದು ಕಚ್ಚು. ತಂತಿಯ ಮೇಲಿನ ರಬ್ಬರನ್ನು ಅವರು ಹಲ್ಲಿನಿಂದ ಕಿತ್ತು ಉಗುಳುತ್ತಿದ್ದರು. ವರ್ಷಗಟ್ಟಲೆ ಕಿತ್ತು ಕಿತ್ತು ಹಲ್ಲು ಸವೆದಿತ್ತು. "ನಮ್ಮ ಡಿಗ್ರಿ ಇಲ್ಲಿ ಐತ್ರಿ" ಎಂದು ತುಟಿ ಎತ್ತಿ ತೋರಿಸುವರು. ಜನ ಬಗ್ಗಿ ನೋಡಿ ತಲೆದೂಗುವರು. ಹಲ್ಲಿಗೆ ಸಿಕ್ಕ ತಂತಿಯಲ್ಲಿ ನಾಲ್ಕು ಎಳೆ ಹರಿದುಹೋಗುತ್ತವೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ, ಎಲ್ಲರೂ ಹಲ್ಲನ್ನು ನೋಡುತ್ತಿದ್ದರಲ್ಲ.

ಇನ್ನು ಅವರ ವಿದ್ಯೆ. ಬಜಾರದಲ್ಲಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರ ಮುಂದೆ ಎರಡು ತಿಂಗಳು ಕುಕ್ಕರಗಾಲಲ್ಲಿ ಕೂತು ನೋಡಿ ಕಲಿತದ್ದು. ಕಲಾಯಿಯವರು ಕಾದ ಪಾತ್ರೆಗೆ ನವಸಾಗರ ಎಂಬ ಉಪ್ಪನ್ನು ತಿಕ್ಕುತ್ತಾರೆ. ಬಿಳಿ ಹೊಗೆ ಏಳುತ್ತದೆ, ತವರ ಹರಿದು ಅಂಟುತ್ತದೆ. ಮಾಸ್ತರರು ತಂತಿಗೂ ಅದನ್ನೇ ಮಾಡಿದರು. ಎರಡು ತಂತಿಯ ತಲೆಗಳನ್ನು ಜಡೆಯಂತೆ ಹೊಸೆದು, ನವಸಾಗರ ಸವರಿ, ಕಾದ ಕಬ್ಬಿಣ ಇಟ್ಟರೆ ಭುಸ್ಸೆಂದು ಹೊಗೆ, ಹೊಗೆಯೊಳಗಿಂದ ಬೆಳ್ಳಿಯಂತೆ ಹೊಳೆಯುವ ಗಂಟು. ಬಸ್ ನಿಲ್ದಾಣದ ಹಿಂದೆ, ಬೇವಿನ ಗಿಡದ ಕೆಳಗಿನ ಆ ತಗಡಿನ ಛಪ್ಪರದಲ್ಲಿ ಆ ಹೊಗೆ ನೋಡಲೆಂದೇ ಜನ ಕೂಡುತ್ತಿದ್ದರು. ಹೊಗೆ ಏಳದ ಕಡೆ ನಮ್ಮ ಜನ ನಂಬಿಕೆ ಇಡುವುದಿಲ್ಲ.

"ಕರದಂಟ ಇದ್ದಂಗ ನಮ್ಮ ಜೋಡಣಿ. ಹಲ್ಲ ಮುರೀಬೇಕ ಹೊರತು ಅದು ಬಿಡೂದಿಲ್ಲ" ಎನ್ನುವರು ಮಾಸ್ತರರು. ಗೋಕಾಕದ ಮನುಷ್ಯನಿಗೆ ಕರದಂಟಿನ ಹೋಲಿಕೆ ಕೊಟ್ಟ ಮೇಲೆ ಬೇರೆ ಪುರಾವೆ ಬೇಕಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿ ಇದೆ. ಕಲಾಯಿಯಾದ ಪಾತ್ರೆಯನ್ನು ಮನೆಯಲ್ಲಿ ದಿನಾ ಬೂದಿ ಹಾಕಿ ತಿಕ್ಕಿ ತೊಳೆಯುತ್ತಾರೆ, ನವಸಾಗರದ ಹೆಸರೂ ಉಳಿಯುವುದಿಲ್ಲ. ತಂತಿಯನ್ನು ಯಾರೂ ತೊಳೆಯುವುದಿಲ್ಲ. ಮಾಸ್ತರರು ಗಂಟಿನ ಮೇಲೆ ಅರಗು ಹಚ್ಚಿದ ಬಟ್ಟೆ ಸುತ್ತಿ, ಅದರ ಮೇಲೆ ಕೆಂಪು ದಾರ ಬಿಗಿದು ಮುಚ್ಚಿಬಿಡುತ್ತಿದ್ದರು. ಒಳಗೆ ಉಳಿದ ನವಸಾಗರ ಮಳೆಗಾಲದ ತೇವ ಕುಡಿದು ತಾಮ್ರವನ್ನು ತಿನ್ನಲು ಶುರುಮಾಡುತ್ತದೆ. ಹೊರಗಿನಿಂದ ನೋಡಿದರೆ ಚಂದದ ಗಂಟು, ಒಳಗೆ ಹಸಿರು ಪುಡಿ.

ಹೊರಗಿನಿಂದ ಮಾತ್ರ ನೋಡುವಂತೆ ಮಾಡಲು ಅವರು ಕಂಡುಕೊಂಡ ಉಪಾಯಕ್ಕೆ ನಾನು ಇಂದಿಗೂ ಬೆರಗಾಗುತ್ತೇನೆ. ಖಂಡೇನವಮಿಯ ದಿನ ನಮ್ಮ ಕಡೆ ಕುಡುಗೋಲಿನಿಂದ ಹಿಡಿದು ಮೋಟಾರಿನ ತನಕ ಎಲ್ಲಕ್ಕೂ ಪೂಜೆ. ಅಂದು ಸುತ್ತಲಿನ ಗಾಡಿಗಳೆಲ್ಲ ಮಾಸ್ತರರ ಛಪ್ಪರದ ಮುಂದೆ ಸಾಲು ನಿಲ್ಲುತ್ತಿದ್ದವು. ಅವರು ಒಂದೊಂದೇ ಬಾನೆಟ್ಟು ತೆಗೆಸಿ, ತಮ್ಮ ಜೋಡಣೆಗಳಿಗೆಲ್ಲ ಅರಿಷಿಣ ಕುಂಕುಮ ಹಚ್ಚುವರು. ಪೂಜೆಯಾದ ಜೋಡಣೆಯನ್ನು ಮುಂದಿನ ನವಮಿಯವರೆಗೆ ಬಿಚ್ಚಬಾರದು, ಕತ್ತಿ ತಾಗಿಸಬಾರದು, ಕೈ ಕೂಡ ಹಚ್ಚಬಾರದು. ಮುಂದಿನ ನವಮಿಗೆ ಮತ್ತೆ ಕುಂಕುಮ. ತನ್ನ ತಪ್ಪಿಗೆ ದೇವರನ್ನೇ ಕಾವಲು ನಿಲ್ಲಿಸಿದ ಇನ್ನೊಬ್ಬ ಮಿಸ್ತ್ರಿಯನ್ನು ನಾನು ಕಂಡಿಲ್ಲ.

ಉಳಿದದ್ದನ್ನು ತರ್ಕ ನೋಡಿಕೊಳ್ಳುತ್ತಿತ್ತು. ಮಾಸ್ತರರ ಜೋಡಣೆ ಬಿಡುವುದಿಲ್ಲ. ಗಾಡಿ ನಿಂತಿತು. ಆದ್ದರಿಂದ ತಪ್ಪು ಬೇರೆ ಯಾರದೋ. ಕಾಲೇಜಿನ ವೇದಿಕೆಯಲ್ಲಿ ಹೀಗೆ ವಾದಿಸಿದರೆ ಹಿಂದಿನ ಬೆಂಚಿನವರು ಶೇಂಗಾ ಸಿಪ್ಪೆ ಎಸೆಯುತ್ತಾರೆ. ಗೋಕಾಕದಲ್ಲಿ ಇದರ ಮೇಲೆ ಒಬ್ಬನ ಹೊಟ್ಟೆಪಾಡು ತೀರ್ಮಾನವಾಯಿತು.

ಅವನ ಹೆಸರು ಭರಮಪ್ಪ. ತುಕ್ಕಾನಟ್ಟಿಯವನು, ನಮ್ಮ ಕಾಕಾನ ಗಾಡಿಯ ಡ್ರೈವರ್. ಕಾಕಾನದು ಗೋಕಾಕದಲ್ಲಿ ಬೆಲ್ಲದ ಅಡತಿ. ಇಂಗ್ಲಿಷರು ದೇಶ ಬಿಡುವಾಗ ಯಾರೋ ಸಾಹೇಬ ಮಾರಿಹೋದ ಒಂದು ಮೋಟಾರನ್ನು ಕೊಂಡು, ತನ್ನ ಓಡಾಟಕ್ಕೂ ಬಾಡಿಗೆಗೂ ಇಟ್ಟುಕೊಂಡಿದ್ದ. ಭರಮಪ್ಪನ ಕೇರಿ ಊರ ಹೊರಗಿನದು. ಆ ಕೇರಿಯವರು ಬಸ್ಸಿನಲ್ಲಿ ಜಾಗ ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದ ಕಾಲದಲ್ಲಿ ಅವನು ಬೆಳಗಾವಿಯ ಲಾರಿಗಳಲ್ಲಿ ದುಡಿದು, ಲೈಸೆನ್ಸು ಪಡೆದು, ಖಾಕಿ ಟೊಪ್ಪಿಗೆ ಹಾಕಿ ಸ್ಟೇರಿಂಗ್ ಹಿಡಿದಿದ್ದ. ಗಾಡಿ ತುಕ್ಕಾನಟ್ಟಿಯ ಮೇಲೆ ಹಾಯುವಾಗ ಹಾರ್ನನ್ನು ಎರಡು ಸಲ ಒತ್ತುತ್ತಿದ್ದ. "ಯಾಕೋ?" ಎಂದರೆ "ದನ ಇರತಾವ್ರಿ" ಎನ್ನುವನು. ದನ ಇರುತ್ತಿರಲಿಲ್ಲ, ಅವನ ಹೆಂಡತಿ ಇರುತ್ತಿದ್ದಳು.

ಏಳು ವರ್ಷದ ಹಿಂದಿನ ಮಳೆಗಾಲದಲ್ಲಿ ಆ ಗಾಡಿ ಮೂರು ಸಲ ನಿಂತಿತು. ಮೊದಲ ಸಲ ಕುಲಗೋಡದ ಹತ್ತಿರ, ಬೀಗರನ್ನು ತುಂಬಿಕೊಂಡಾಗ. ಎರಡನೆಯ ಸಲ ಮೂಡಲಗಿಯ ಸಂತೆಯ ನಡುವೆ. ಎರಡೂ ಸಲ ತಾಸು ಹೊತ್ತು ಸುಮ್ಮನಿದ್ದು ತಾನೇ ಶುರುವಾಯಿತು. ಮೂರನೆಯ ಸಲ ಒಳಗೆ ಕಾಕಾನೇ ಕೂತಿದ್ದ, ಹುಕ್ಕೇರಿಯ ಕೋರ್ಟಿನಲ್ಲಿ ಅವನ ಹೊಲದ ದಾವೆಗೆ ಅಂದು ತಾರೀಖು. ತಗ್ಗಿಗೆ ಇಳಿದು ಕುಲುಕಿದ ಗಾಡಿ ಉಸಿರು ನಿಂತಂತೆ ನಿಂತಿತು. ಕಾಕಾ ಛತ್ರಿ ಹಿಡಿದು ಕೆಸರಿನಲ್ಲಿ ನಡೆದು ಕೋರ್ಟು ಮುಟ್ಟುವಷ್ಟರಲ್ಲಿ ಅವನ ಹೆಸರು ಕೂಗಿ ಮುಗಿದಿತ್ತು. ಹಿಂದಿನಿಂದ ಭರಮಪ್ಪ ಗಾಡಿ ತಂದ. ನಿಂತದ್ದೂ ಅವನ ಕೈಯಲ್ಲಿ, ಶುರುವಾದದ್ದೂ ಅವನ ಕೈಯಲ್ಲಿ. ಕಾಕಾನ ಅನುಮಾನಕ್ಕೆ ಇಷ್ಟು ಸಾಕಾಗಿತ್ತು.

ನಾನು ಆಗ ಬೆಳಗಾವಿಯ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದೆ. ಕುಲಗೋಡದ ಸುದ್ದಿ ಕೇಳಿದಾಗಲೇ ಮಾಸ್ತರರ ಬಿಳಿ ಹೊಗೆ ಕಣ್ಣಿಗೆ ಕಟ್ಟಿತು, ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ನವಸಾಗರದ ಗುಣ ನೋಡಿದ್ದೆ. ನಂಬುವುದಕ್ಕಿಂತ ನೋಡುವುದು ಲೇಸು. ಹಾಸ್ಟೆಲಿನ ಕಿಟಕಿಯಲ್ಲಿ ಎರಡು ಜೋಡಣೆ ಮಾಡಿದೆ. ಒಂದಕ್ಕೆ ನವಸಾಗರ, ಇನ್ನೊಂದಕ್ಕೆ ಕಿರಾಣಿ ಅಂಗಡಿಯಲ್ಲಿ ಸಿಗುವ ರಾಳ. ಎರಡನ್ನೂ ಒಂದು ತಿಂಗಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ರಾಳದ್ದು ಹಾಗೇ ಇತ್ತು. ನವಸಾಗರದ್ದು ಹಸಿರಾಗಿ, ಬೆರಳಲ್ಲಿ ಹಿಡಿದರೆ ಮುರಿಯುತ್ತಿತ್ತು. ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಗೋಕಾಕಕ್ಕೆ ಬಂದೆ. ಕಪ್ಪು ಗೆಲ್ಲುವ ಹುಡುಗನ ಎದೆಯಲ್ಲಿ ಎಷ್ಟು ಗಾಳಿ ಇರುತ್ತದೋ ಅಷ್ಟು ಗಾಳಿ ನನ್ನಲ್ಲೂ ಇತ್ತು.

ಕಾಕಾ ಅಂದೇ ತೀರ್ಮಾನಕ್ಕೆಂದು ಗಾಡಿಯನ್ನು ಛಪ್ಪರಕ್ಕೆ ಒಯ್ದಿದ್ದ. ಜೋಡಣೆ ಸರಿಯಿದೆ ಎಂದು ಮಾಸ್ತರರು ಹೇಳಿದರೆ ಭರಮಪ್ಪನ ಕೆಲಸ ಹೋದಂತೆ. ಎಂದರೆ, ಆರೋಪಿಯೇ ನ್ಯಾಯಾಧೀಶ. ಭರಮಪ್ಪ ಬೇವಿನ ಗಿಡದ ಕೆಳಗೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಎರಡೂ ತುಂಡುಗಳನ್ನು ಮಾಸ್ತರರ ಮುಂದಿಟ್ಟೆ.

"ಮಾಸ್ತರ, ಇದು ರಾಳದ್ದು, ಇದು ನಿಮ್ಮಂಗ ನವಸಾಗರದ್ದು. ಎರಡೂ ಹಸೀ ಅರಿವ್ಯಾಗ ಒಂದ ತಿಂಗಳ ಇದ್ದೂ. ನೋಡ್ರಿ."

ಅವರು ಮುಟ್ಟಲಿಲ್ಲ. "ಇದನ್ನ ಮಾಡಿದಾಂವ ಯಾರೋ ತಮ್ಮಾ?"

"ನಾನ."

"ಮತ್ತ! ನೀ ಮಾಡಿದ್ದು ಕೆಡಾಕ ನವಸಾಗರ ಯಾಕ ಬೇಕು, ನಿನ್ನ ಕೈನ ಸಾಕಲಾ."

ಛಪ್ಪರವೆಲ್ಲ ನಕ್ಕಿತು. ಕಾಕಾನೂ ನಕ್ಕ. ನಾನು ಬಿಡಲಿಲ್ಲ. "ಹಂಗಾದ್ರ ನಿಮ್ಮ ಕೈಯಾಂದ ಒಂದು ಬಿಚ್ಚೋಣ್ರಿ. ಕಾಕಾನ ಗಾಡಿ ಇಲ್ಲೇ ಐತಿ."

"ನೌಮಿ ಪೂಜಿ ಆದ ಜೋಡಣಿ ಅದು. ನಾ ಏನ ಬ್ಯಾಡ ಅನ್ನಂಗಿಲ್ಲಪಾ. ನಿಮ್ಮ ಕಾಕಾ ಹೂಂ ಅಂದ್ರ ಕತ್ತಿ ಹಾಕು. ಮುಂದ ಏನರ ಆದ್ರ ನನ್ನ ಕಡೆ ಬರಬ್ಯಾಡ್ರಿ."

ಕಾಕಾ ಅಡ್ಡ ಬಂದ. "ಬ್ಯಾಡೋ. ಗಾಡಿ ಮುನಸಕೊಂತೈತಿ."

"ಈಗಾಗಲೇ ಮೂರ ಸಲ ಮುನಸಕೊಂಡೈತಲ್ಲ ಕಾಕಾ!"

"ಮುನಸಕೊಂಡಿದ್ದು ಗಾಡಿ ಅಲ್ಲ. ಅದು ಇಂವನ ಕೈಗುಣ."

ಆಗ ಭರಮಪ್ಪ ಬಾಯಿ ತೆರೆದ. ತೆರೆಯದಿದ್ದರೆ ಚೆನ್ನಾಗಿತ್ತು. "ಸಾವಕಾರ್ರ, ಹುಕ್ಕೇರಿ ಹಾದ್ಯಾಗ ನೀವು ಇಳದ ಹ್ವಾದ ಮ್ಯಾಲ ನಾ ಅಲ್ಲಿ ಒಂದ ಬೆರಳಲೆ ಬಡದ್ನಿರಿ. ಅಷ್ಟ. ಗಾಡಿ ಸುರು ಆತು."

"ಎಲ್ಲಿ ಬಡದಿ?" ಮಾಸ್ತರರು ಎದ್ದು ನಿಂತರು.

"ಆ ಕುಂಕುಮದ ಗಂಟಿಗೆ ರೀ."

"ಮುಟ್ಟಿದಿ? ಪೂಜಿ ಆದ ಜೋಡಣಿ ನೀ ಮುಟ್ಟಿದಿ?"

ಛಪ್ಪರದವರೆಲ್ಲ ಭರಮಪ್ಪನ ಕಡೆ ತಿರುಗಿದರು. ನಾನು ಮಾತ್ರ ಕೂಗುತ್ತಿದ್ದೆ: "ಕೇಳ್ರಿ, ಇದ ಪುರಾವೆ! ಬಡದ್ರ ಗಾಡಿ ಸುರು ಆಕ್ಕೈತಿ ಅಂದ್ರ ಒಳಗ ತಂತಿ ಬಿಟ್ಟೈತಿ ಅಂತ ಅರ್ಥ! ಅವನ ಬೆರಳ ನಿಮ್ಮ ಜೋಡಣಿ ಪರೀಕ್ಷಾ ಮಾಡೇತಿ!" ನನ್ನ ಜನ್ಮದಲ್ಲೇ ಅದಕ್ಕಿಂತ ಒಳ್ಳೆಯ ವಾದ ನಾನು ಮಂಡಿಸಿಲ್ಲ, ಅಷ್ಟು ಕೆಟ್ಟದಾಗಿ ಸೋತೂ ಇಲ್ಲ. ಯಾರ ಬೆರಳು, ಯಾವ ಕೇರಿಯ ಬೆರಳು ಎಂಬುದೇ ಅಲ್ಲಿದ್ದವರಿಗೆ ಸಾಕಾಯಿತು. ಭರಮಪ್ಪ ಕೀಲಿಯನ್ನು ಬೇವಿನ ಕಟ್ಟೆಯ ಮೇಲಿಟ್ಟು ಹೋದ.

ಹದಿನೈದು ದಿನಕ್ಕೆ ನವಮಿ ಬಂತು. ಕಾಕಾನ ಗಾಡಿ ಪೂಜೆಗೆಂದು ಒಂದು ದಿನ ಮೊದಲೇ ಛಪ್ಪರಕ್ಕೆ ಹೋಗಿ, ಕುಂಕುಮ ಹಚ್ಚಿಸಿಕೊಂಡು ಬಂತು. ಆಮೇಲೆ ಹೊಸ ಡ್ರೈವರನ ಕೈಯಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಅದೇ ಗಾಡಿ, ಅದೇ ಜೋಡಣೆ, ಹೋದವನು ಭರಮಪ್ಪ ಒಬ್ಬ. "ಏನ ವಕೀಲಾ, ಈಗೇನಂತಿ?" ಎಂದ ಕಾಕಾ. ಖರೆ ಹೇಳುತ್ತೇನೆ, ಕೆಲ ತಿಂಗಳು ನಾನೂ ಭರಮಪ್ಪನ ಮೇಲೆ ಅನುಮಾನಪಟ್ಟೆ.

ಅಲ್ಲಿಯವರೆಗೆ ಮಾಸ್ತರರನ್ನು ನಾನು ಮೂರ್ಖ ಎಂದು ತಿಳಿದಿದ್ದೆ. ಅದು ಅವರಿಗೆ ಮಾಡಿದ ಅನ್ಯಾಯ.

ಮುಂದಿನ ಬೇಸಿಗೆಯಲ್ಲಿ ಅವರು ತಮ್ಮ ಸ್ವಂತ ಕರಿ ಮೋಟಾರಿನಲ್ಲಿ ಕಣಗಲಾಕ್ಕೆ, ಬೀಗರ ಮನೆಗೆ ಹೊರಟಿದ್ದರು. ನನಗೂ ಆ ಕಡೆ ಕೆಲಸವಿತ್ತು. "ಬಾರೋ, ವಾದ ಮಾಡಕೋಂತ ಹೋಗೂಣು" ಎಂದು ಕೂರಿಸಿಕೊಂಡರು. ಹುಕ್ಕೇರಿ ದಾಟಿದ ಮೇಲೆ ಕಲ್ಲೊಂದು ಸಿಡಿದು ಕೆಳಗಿನ ತಂತಿ ತುಂಡಾಯಿತು, ಗಾಡಿ ನಿಂತಿತು. ಸುತ್ತ ಜೋಳದ ಕೂಳೆಯ ಹೊಲ. ಹೊಗೆ ನೋಡಲು ಒಂದು ನರಪಿಳ್ಳೆ ಇರಲಿಲ್ಲ, ನಾನು ಲೆಕ್ಕಕ್ಕಿಲ್ಲ.

ಮಾಸ್ತರರು ಧೋತರ ಮೇಲೆ ಕಟ್ಟಿದರು. ಹಲ್ಲು ಹಚ್ಚಲಿಲ್ಲ. ಸಣ್ಣ ಚಾಕು ತೆಗೆದು, ಪೆನ್ಸಿಲ್ ಕೆತ್ತುವಂತೆ ಓರೆಯಾಗಿ ಹಿಡಿದು, ಒಂದು ಎಳೆಗೂ ಗಾಯವಾಗದಂತೆ ರಬ್ಬರು ಸುಲಿದರು. ಎಳೆಗಳನ್ನು ಕೆಂಪಗೆ ಹೊಳೆಯುವ ತನಕ ಕೆರೆದರು. ಸೈಕಲ್ ಟ್ಯೂಬಿನ ತೆಳು ನಳಿಗೆಯ ತುಂಡೊಂದನ್ನು ಮೊದಲೇ ಒಂದು ತಂತಿಗೆ ತೊಡಿಸಿದರು. "ಇದನ್ನ ಮೊದಲ ತೊಡಸಬೇಕು. ಜೋಡಿಸಿದ ಮ್ಯಾಲ ನೆನಪಾದ್ರ ಅತ್ತರೂ ಬರೂದಿಲ್ಲ" ಎಂದರು, ನನಗೋ ತಮಗೋ ತಿಳಿಯದು. ಎರಡೂ ತುದಿಗಳ ಎಳೆಗಳನ್ನು ಪೊರಕೆಯಂತೆ ಬಿಡಿಸಿ, ಒಂದರೊಳಗೊಂದು ಬೆರಳು ಹೆಣೆದಂತೆ ಸೇರಿಸಿ, ಇದರ ಎಳೆ ಅದರ ಮೇಲೆ, ಅದರ ಎಳೆ ಇದರ ಮೇಲೆ ಬಿಗಿಯಾಗಿ ಸುತ್ತಿದರು. ಒಂದು ತುದಿಯನ್ನು ಚಪ್ಪಲಿಯ ಕೆಳಗೆ ಮೆಟ್ಟಿ, ಇನ್ನೊಂದನ್ನು ಮೈಯ ಭಾರ ಹಾಕಿ ಜಗ್ಗಿದರು. ಬಿಡಲಿಲ್ಲ. ಗಾಡಿಯಲ್ಲಿದ್ದ ಸ್ಟೋವಿನಲ್ಲಿ ಕಬ್ಬಿಣ ಕಾಯಿಸಿ ಗಂಟಿನ ಕೆಳಗೆ ಹಿಡಿದು, ತವರವನ್ನು ಮೇಲಿನಿಂದ ತಾಗಿಸಿದರು. "ತಂತಿ ಕಾದು ತಾನ ತವರ ಕುಡೀಬೇಕು. ಮ್ಯಾಲ ಸುರವಿದ್ದು ನಿಂದರೂದಿಲ್ಲ." ಹಚ್ಚಿದ್ದು ಅಡಿಕೆ ಡಬ್ಬಿಯಲ್ಲಿದ್ದ ರಾಳ. ಆರಿದ ಮೇಲೆ ಒರೆಸಿ, ನಳಿಗೆ ಸರಿಸಿ, ಪಟ್ಟಿ ಸುತ್ತಿ, ಜೋಡಣೆಯ ಎರಡೂ ಬದಿಗೆ ತಂತಿಯನ್ನು ಗಾಡಿಯ ಮೈಗೆ ಕಟ್ಟಿದರು, ಗಾಡಿ ಕುಲುಕಿದರೆ ಆ ಕುಲುಕು ಗಂಟಿಗೆ ಮುಟ್ಟದಿರಲೆಂದು. ಅರ್ಧ ತಾಸು ಹಿಡಿಯಿತು. ಹೊಗೆಯಿಲ್ಲ, ಕುಂಕುಮವಿಲ್ಲ, ಕರದಂಟಿನ ಮಾತಿಲ್ಲ. ಅಂಥ ಕೆಲಸವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಇವತ್ತು ನಾನು ಒಂದು ತಂತಿ ಜೋಡಿಸಿದರೂ ಹಾಗೆಯೇ ಜೋಡಿಸುತ್ತೇನೆ. ನನ್ನ ಕೈ ಆ ಮನುಷ್ಯನಿಗೆ ನಮಸ್ಕಾರ ಮಾಡುವುದನ್ನು ನಿಲ್ಲಿಸಲು ನನ್ನಿಂದಾಗಿಲ್ಲ. ಅದಕ್ಕೇ ಅವರ ಮೇಲೆ ಸಿಟ್ಟು ಎರಡು ಪಟ್ಟು.

"ನವಸಾಗರ ಎಲ್ಲಿ ಮಾಸ್ತರ?" ಎಂದೆ.

"ಇದು ನನ್ನ ಗಾಡಿ" ಎಂದರು.

ನಾಚಿಕೆಯಿಂದಲ್ಲ, ಹೊತ್ತೆಷ್ಟು ಎಂದು ಕೇಳಿದವನಿಗೆ ಉತ್ತರ ಹೇಳಿದಂತೆ. ಆಮೇಲೆ ಕೈ ತೊಳೆಯುತ್ತಾ ಅವರೇ ಮುಂದುವರಿಸಿದರು. "ಮೊದಲ ನಾಕ ವರ್ಷ ನನಗೂ ಗೊತ್ತಿರಲಿಲ್ಲೋ. ಒಂದ ಮಳಿಗಾಲ ನನ್ನ ಗಾಡಿನ ನಿಂತಿತು. ಬಿಚ್ಚಿದ್ನಿ, ಹಸರ ಇತ್ತು. ಅಷ್ಟರಾಗ ಈ ಸೀಮಿ ತುಂಬ ಗಾಡ್ಯಾಗ ನನ್ನ ಜೋಡಣಿ ಕುಂತಿದ್ದೂ. ಒಂದ ಬಿಚ್ಚಿದ್ರ ಎಲ್ಲಾರೂ ಬಿಚ್ಚಂತಾರ."

"ಮತ್ತ ಭರಮಪ್ಪ?"

"ಅಂವ ಡ್ರೈವರ. ಅವಗ ಇನ್ನೊಂದ ಗಾಡಿ ಸಿಗತೈತಿ. ನನಗ ಇನ್ನೊಂದ ಹೆಸರ ಸಿಗೂದಿಲ್ಲ."

"ಹಂಗಾದ್ರ ಅಂವ ಹ್ವಾದ ಮ್ಯಾಲ ಕಾಕಾನ ಗಾಡಿ ಯಾಕ ನಿಂತಿಲ್ಲ? ಅಲ್ಲೂ ಅದ ಜೋಡಣಿ ಐತಲ್ಲ."

ಮಾಸ್ತರರು ನಕ್ಕರು. ಹಲ್ಲಿನ ಕಚ್ಚು ಕಂಡಿತು. "ನಡಿ, ಬಿಸಲ ಏರಾಕತ್ತೇತಿ."

ಊರಿಗೆ ಬಂದು ಕಾಕಾನಿಗೆ ಎಲ್ಲ ಹೇಳಿದೆ. "ಯಾರ ಮುಂದ ಅಂದ್ರು?" ಎಂದ. "ನನ್ನ ಮುಂದ." "ನೀನ ಕೇಳಿ, ನೀನ ಹೇಳಿದ್ರ ಅದು ಸಾಕ್ಷಿ ಆಕ್ಕೈತೇನೋ? ಯಾವ ಕಾಲೇಜೋ ನಿಂದು!" ಎಂದ. ಗಾಡಿ ಓಡುತ್ತಿತ್ತು, ಓಡುವ ಗಾಡಿಯ ಬಾನೆಟ್ಟು ತೆಗೆಯಲು ಯಾರಿಗೂ ಕಾರಣವಿರಲಿಲ್ಲ. ನಾನು ಬೆಳಗಾವಿಗೆ ಹೋದೆ, ಕಪ್ಪು ಗೆದ್ದೆ, ಕಾನೂನು ಓದಿದೆ. ಕಾಕಾ ಹೊಸ ಗಾಡಿ ಕೊಂಡ. ಹಳೆಯದು ಹಿತ್ತಲ ಶೆಡ್ಡಿಗೆ ಹೋಗಿ ಕೋಳಿಗಳ ಮನೆಯಾಯಿತು. ಯಾವ ರಜೆಯಲ್ಲಾದರೂ ಚಾಕು ತೆಗೆದುಕೊಂಡು ಅಲ್ಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ಗಂಟೆ ಬಾರಿಸಿದ ಮೇಲೆ ಚರ್ಚೆ ಮುಗಿಯಿತು ಎಂದು ನಮಗೆ ಕಲಿಸಿರುತ್ತಾರೆ.

ಭರಮಪ್ಪನಿಗೆ ಇನ್ನೊಂದು ಗಾಡಿ ಸಿಗಲಿಲ್ಲ. ಅವನು ಹೋಗುವ ಮೊದಲೇ ಅವನ ಕೈಗುಣದ ಸುದ್ದಿ ಎಲ್ಲ ಕಡೆ ಹೋಗಿ ಕೂತಿರುತ್ತಿತ್ತು. ಕಬ್ಬು ಕಡಿಯಲು ಹೋಗುತ್ತಾನೆ ಎಂದು ಕೇಳಿದ್ದೆ.

ಹೋದ ವಾರದ ಸಭೆಯಲ್ಲಿ, ಎಲ್ಲರೂ ಏಳುತ್ತಿದ್ದಾಗ ಹಿಂದಿನಿಂದ ಒಬ್ಬ ಚೆಂಡುಹೂವಿನ ಮಾಲೆ ಹಿಡಿದು ಬಂದ. ಫೋಟೋದ ಹತ್ತಿರ ಹೋಗಲಿಲ್ಲ. ಮುಂದಿದ್ದ ಯಾರದೋ ಕೈಗೆ ಮಾಲೆ ಕೊಟ್ಟು, ಅವರಿಂದ ಹಾಕಿಸಿ, ದೂರದಿಂದಲೇ ಕೈಮುಗಿದ. ಭರಮಪ್ಪ. ತುಕ್ಕಾನಟ್ಟಿಯಿಂದ ಬಸ್ಸಿಗೆ ಬಂದಿದ್ದ.

"ಇವರಿಗೆ ನೀ ಮಾಲಿ ತಂದಿಯಾ?" ಎಂದೆ.

"ದೊಡ್ಡ ಮನಶ್ಯಾರ ಬಿಡ್ರಿ. ನನ್ನ ಕೈಗುಣ ಸುಮಾರ ಇತ್ರಿ, ಅವರ ಜೋಡಣಿಗಿ ಹೆಸರ ಕೆಡಸಿದ್ನಿ. ನಾ ಹ್ವಾದ ಮ್ಯಾಲ ಗಾಡಿ ಒಂದ ಸಲಾನೂ ನಿಂದರಲಿಲ್ಲಂತಲ್ರಿ."

"ನಿನ್ನ ತಪ್ಪಿರಲಿಲ್ಲ ಭರಮಪ್ಪ. ಮಾಸ್ತ್ರು ನನ್ನ ಮುಂದ ಅಂದಾರ."

"ಸತ್ತವರ ಮ್ಯಾಲ ಹಂಗ ಅನಬ್ಯಾಡ್ರಿ" ಎಂದ. ಏಳು ವರ್ಷ ಅದನ್ನೇ ನಂಬಿ ಬದುಕಿದವನು. ನನ್ನ ಮಾತಿನಿಂದ ಅಲುಗುವವನಲ್ಲ.

ಅವನನ್ನು ಕಾಕಾನ ಹಿತ್ತಲಿಗೆ ಕರೆದೊಯ್ದೆ. ಕೋಳಿಗಳನ್ನು ಓಡಿಸಿ ಬಾನೆಟ್ಟು ಎತ್ತಿದೆವು. ಅವನು ಎತ್ತಿದ ರೀತಿಯಲ್ಲೇ ಹಳೆಯ ಡ್ರೈವರ್ ಕಂಡ. ಒಳಗೆ ಕೆಂಪು ದಾರದ ಗಂಟು ಹಾಗೇ ಇತ್ತು, ಕುಂಕುಮ ಕಪ್ಪಾಗಿತ್ತು. ಚಾಕು ಅವನ ಕೈಗೆ ಕೊಟ್ಟೆ. ಹಿಂದೆ ಸರಿದ.

"ಬ್ಯಾಡ್ರಿ. ಪೂಜಿ ಆದದ್ದು."

"ಒಂದ ಬೆರಳಲೆ ಮುಟ್ಟಿದ್ದಕ್ಕ ಕೆಲಸ ಹೋತು. ಇನ್ನ ಹೋಗೂದೇನ ಉಳದೈತಿ?"

ಅವನಿಗೆ ನಗು ಬಂತು. ನಗುತ್ತಲೇ ದಾರ ಕೊಯ್ದ. ಅರಗಿನ ಬಟ್ಟೆ ಸುರುಳಿ ಬಿಚ್ಚಿ ಬಿತ್ತು. ಅಂಗೈ ತುಂಬ ಹಸಿರು ಪುಡಿ ಸುರಿಯಿತು. ಎಳೆಗಳನ್ನು ಮುಟ್ಟಿದರೆ ಸುಟ್ಟ ಜೋಳದ ಎಲೆಯ ರವದಿಯಂತೆ ಮುರಿದವು. ನಾನು ನನ್ನ ವಾದ ಗೆದ್ದ ಸಂತೋಷದಲ್ಲಿ ಏನೋ ಹೇಳಲು ಹೊರಟೆ. ಭರಮಪ್ಪ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದ. ನನಗೆ ಕಾಣದ್ದು ಅವನಿಗೆ ಕಂಡಿತ್ತು.

"ಇದರಾಗ ಜೀವಾನ ಇಲ್ರಿ. ಎರಡೂ ಕಡೆ ಕೊಯ್ದ ಇಟ್ಟಾರ. ಈ ತಂತಿ ಎಲ್ಲಿಗೂ ಹೋಗೂದಿಲ್ಲ."

ಹೌದು. ಕುಂಕುಮದ ಗಂಟಿನ ಎರಡೂ ತುದಿಗಳನ್ನು ಅಚ್ಚುಕಟ್ಟಾಗಿ ಕತ್ತರಿಸಿ ಹಿಂದೆ ಸಿಕ್ಕಿಸಲಾಗಿತ್ತು. ಅವನು ಬೆರಳಿನಿಂದ ಹಿಂಬದಿಯನ್ನು ತಡಕುತ್ತಾ ಹೋಗಿ, ಕತ್ತಲಲ್ಲಿ ಅಡಗಿದ್ದ ಬೇರೊಂದು ತಂತಿಯನ್ನು ಎಳೆದು ತೋರಿಸಿದ. ಎರಡೂ ಬದಿಗೆ ಗಾಡಿಯ ಮೈಗೆ ಕಟ್ಟಿದ್ದರು. ನಡುವೆ ಸೈಕಲ್ ಟ್ಯೂಬಿನ ತೆಳು ನಳಿಗೆ. ಅದನ್ನು ಸರಿಸಿದರೆ ರಾಳದ ಜೋಡಣೆ, ಬೆರಳು ಹೆಣೆದಂತೆ ಬಿಗಿ. ಏಳು ವರ್ಷವಾದರೂ ತವರದ ಅಂಚಿನಲ್ಲಿ ತಾಮ್ರ ಕೆಂಪಗಿತ್ತು. ಗಾಡಿ ಓಡಿದ್ದು ಇದರಿಂದ. ಕುಂಕುಮ ಹಚ್ಚಿಸಿಕೊಂಡು ಕೂತದ್ದು ಹೆಣ.

"ಯಾವಾಗ ಹಾಕ್ಯಾರ್ರಿ ಇದನ್ನ?"

"ನೀ ಹ್ವಾದ ಮ್ಯಾಲ. ನೌಮಿಗೆ ಗಾಡಿ ಒಂದಿನ ಮೊದಲ ಅವರ ಛಪ್ಪರಕ್ಕ ಹೋಗಿತ್ತು."

ಭರಮಪ್ಪ ಗಾಡಿಯ ಮೆಟ್ಟಿಲ ಮೇಲೆ ಕೂತ. ಹೆಗಲ ಮೇಲಿನ ವಸ್ತ್ರ ಬಿಚ್ಚಿ, ಹಸಿರು ಪುಡಿಯನ್ನೂ ಆ ಗಂಟನ್ನೂ ಒಂದು ಚೂರು ಬೀಳದಂತೆ ಅದರಲ್ಲಿ ಕಟ್ಟಿಕೊಂಡ.

"ಏನ ಮಾಡ್ತಿ ಅದನ್ನ?"

"ಹೇಣ್ತಿಗೆ ತೋರಸಬೇಕ್ರಿ."

ಬಸ್ಸಿನ ತನಕ ಜೊತೆಗೆ ಹೋದೆ. ದಾರಿಯಲ್ಲಿ ಎಣ್ಣೆ ಗಾಣದ ಅಂಗಳ ಸಿಕ್ಕಿತು. ಖುರ್ಚಿಗಳನ್ನು ಎತ್ತಿದ್ದರು, ಫೋಟೋ ಇನ್ನೂ ಇತ್ತು. ಭರಮಪ್ಪ ನಿಂತು ನೋಡಿದ. "ಹಾಕಿದ ಮಾಲಿ ತಿರುಗಿ ತಗೊಳ್ಳಾಕ ಬರತೈತೇನ್ರಿ?" ಎಂದ. ತಮಾಷೆಗೆ ಕೇಳಿರಲಿಲ್ಲ.

ಮಾಲೆಯನ್ನು ತಿರುಗಿ ತರಲು ಬರುವುದಿಲ್ಲ. ನನ್ನ ಕೈಲಾದದ್ದು ಇಷ್ಟು. ತಮಗೆ ಇನ್ನೊಂದು ಹೆಸರು ಸಿಗುವುದಿಲ್ಲ ಎಂದು ಮಾಸ್ತರರು ಹುಕ್ಕೇರಿಯ ದಾರಿಯಲ್ಲಿ ಹೇಳಿದ್ದರಲ್ಲ, ಯಾವುದನ್ನು ಉಳಿಸಿಕೊಳ್ಳಲು ಅವರು ಇಷ್ಟೆಲ್ಲ ಮಾಡಿದರೋ ಆ ಹೆಸರನ್ನು ನಾನು ಈ ಬರಹದಲ್ಲಿ ಒಂದು ಕಡೆಯೂ ಬರೆದಿಲ್ಲ. ಬರೆಯಬೇಕಾದದ್ದು ಇದು: ಭರಮಪ್ಪ, ಡ್ರೈವರ್, ತುಕ್ಕಾನಟ್ಟಿ. ಆ ಮಳೆಗಾಲದಲ್ಲಿ ಮೂರು ಸಲವೂ ಗಾಡಿ ನಿಂತದ್ದು ಅವನಿಂದಲ್ಲ.